ಶಾಲೆಯ ಮೊದಲ ತಿಂಗಳು: ಹೊಸೂರು ಸೀಮೆಯ ಮಕ್ಕಳಿಗೂ ಹೆತ್ತವರಿಗೂ ಆಗಬೇಕಾದ್ದೇನು?

ಜೂನ್ ತಿಂಗಳಲ್ಲಿ ತಮಿಳುನಾಡಿನ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಹೊಸೂರು, ಬಾಗಲೂರು, ಕೆಲಮಂಗಲ, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಸಾವಿರಾರು ಮನೆಗಳಲ್ಲಿ ಒಂದೇ ಮಾತು. ಮಗು ಅಳದೆ ಕೂರುತ್ತದೋ ಇಲ್ಲವೋ, ಊಟ ಮಾಡುತ್ತದೋ ಇಲ್ಲವೋ, ಮಿಸ್ಸು ಹೇಳಿದ್ದು ಅದಕ್ಕೆ ತಿಳಿಯುತ್ತದೋ ಇಲ್ಲವೋ. ಹಿರಿಯರು ಸಮಾಧಾನ ಹೇಳುತ್ತಾರೆ: "ಎರಡು ದಿನ ಅಳ್ತಾವೆ, ಆಮೇಲೆ ತಾವೇ ಸರಿಹೋಗ್ತಾವೆ." ಬಹುಪಾಲು ಮಕ್ಕಳು ಸರಿಹೋಗುವುದು ನಿಜ. ಆದರೆ ಆ ಎರಡು ದಿನ ಕೆಲವರಿಗೆ ಎರಡು ತಿಂಗಳಾಗುತ್ತದೆ. ಇನ್ನು ಕೆಲವರು ಅಳು ನಿಲ್ಲಿಸಿ ಮೂಲೆ ಹಿಡಿಯುತ್ತಾರೆ. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಗು ಮೊದಲ ಸಲ ಶಾಲೆಗೆ ಹೊಂದಿಕೊಳ್ಳುವುದನ್ನು ಮನೆಯ ಸಣ್ಣ ಸಂಗತಿ ಎಂದೇ ನಾವು ಬಗೆದಿದ್ದೇವೆ. ಶಿಕ್ಷಣಶಾಸ್ತ್ರ, ಮಕ್ಕಳ ಮನೋವಿಜ್ಞಾನ, ನಮ್ಮ ಕಾನೂನುಗಳು, ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳ ಸರಕಾರಿ ಪ್ರಯೋಗಗಳು ಇದರ ಬಗ್ಗೆ ಸಾಕಷ್ಟು ಹೇಳಿವೆ. ಅವನ್ನೆಲ್ಲ ಒಂದೆಡೆ ಇಟ್ಟು, ಗಡಿಯ ಈ ಸೀಮೆಗೆ ಅವುಗಳಿಂದ ಏನು ಸಿಗುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಅಳು ನಿಂತರೆ ಸಾಕೆ?

ತಾಯಿಯಿಂದ ಅಗಲುವಾಗಿನ ಅಳು ಹಠವಲ್ಲ, ದೌರ್ಬಲ್ಯವೂ ಅಲ್ಲ. ಮಗುವಿಗೆ ಎಂಟು ಒಂಬತ್ತು ತಿಂಗಳಾದಾಗ ಈ ಭಯ ಕಾಣಿಸಿಕೊಳ್ಳುತ್ತದೆ. ಎರಡನೇ ವರ್ಷದಲ್ಲಿ ಜೋರಾಗಿದ್ದು, ಮೂರರ ಹೊತ್ತಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಹೊಸ ಜಾಗ, ಹೊಸ ಮುಖ, ಹೊಸ ಮಾತು ಒಟ್ಟಿಗೆ ಎದುರಾದರೆ ಐದು ವರ್ಷದ ಮಗುವಿನಲ್ಲೂ ಮತ್ತೆ ತಲೆಯೆತ್ತುತ್ತದೆ. ತನ್ನನ್ನು ನೋಡಿಕೊಳ್ಳುವವರು ಯಾರು ಎಂದು ಗುರುತಿಟ್ಟುಕೊಂಡು ಅವರನ್ನು ಬಿಡದೆ ಹಿಡಿಯುವುದು ಮಗುವಿನ ಆರೋಗ್ಯದ ಲಕ್ಷಣ.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಈ ನಂಟನ್ನು ಜೀವಮಾನವಿಡೀ ಅಧ್ಯಯನ ಮಾಡಿದರು. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರ ತಮ್ಮ ಚಿತ್ರಕ್ಕಾಗಿ ಆಸ್ಪತ್ರೆಗೆ ಸೇರಿದ ಎರಡು ವರ್ಷದ ಒಂದು ಹುಡುಗಿಯನ್ನು ದಿನದಿನವೂ ಚಿತ್ರೀಕರಿಸಿದರು. ಹೆತ್ತವರು ಮಗುವಿನ ಜೊತೆ ಉಳಿಯುವುದನ್ನು ಆ ಕಾಲದ ಆಸ್ಪತ್ರೆಗಳು ಒಪ್ಪುತ್ತಿರಲಿಲ್ಲ. ಅಳು ನಿಲ್ಲಿಸಿದ ಮಗು ಹೊಂದಿಕೊಂಡಿತು ಎಂದೇ ದಾದಿಯರೂ ವೈದ್ಯರೂ ನಂಬಿದ್ದರು. ರಾಬರ್ಟ್‌ಸನ್ ಮತ್ತು ಬೌಲ್ಬಿ ಕಂಡದ್ದು ಬೇರೆ. ಅಗಲಿಕೆ ದೀರ್ಘವಾದಾಗ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಯಾರೂ ಬೇಡವೆಂಬಂತೆ ಒಳಕ್ಕೆ ಸರಿದುಬಿಡುತ್ತದೆ. ಹೊರಗಿನವರ ಕಣ್ಣಿಗೆ ಈ ಕೊನೆಯ ಹಂತವೇ "ಸರಿಹೋಯಿತು" ಎಂದು ಕಾಣುತ್ತದೆ. ಶಾಲೆಯ ಅರ್ಧ ದಿನ ಆಸ್ಪತ್ರೆಯ ವಾರಗಟ್ಟಲೆ ಒಂಟಿತನದಷ್ಟು ಕಠಿಣವಲ್ಲ. ಆದರೂ ಆ ಪಾಠ ಇಲ್ಲಿಗೂ ಸಲ್ಲುತ್ತದೆ. ಮಗು ಹೊಂದಿಕೊಂಡಿದೆಯೇ ಎಂದು ತಿಳಿಯಲು ಅದರ ಮೌನವನ್ನು ನೋಡಿದರೆ ಸಾಲದು. ಆಟಕ್ಕಿಳಿಯುತ್ತದೆಯೇ, ಬೇಕಾದ್ದನ್ನು ಕೇಳುತ್ತದೆಯೇ, ನೋವಾದಾಗ ಶಿಕ್ಷಕಿಯ ಹತ್ತಿರ ಓಡಿ ಹೋಗುತ್ತದೆಯೇ ಎಂದು ನೋಡಬೇಕು.

ನಾಲ್ಕು ಮಾತಿನ ಸೀಮೆ

ಹೊಸೂರು ಸೀಮೆಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಮನೆಮಾತುಗಳೇ. ಹೊಸೂರಿನ ಸುತ್ತ ತೆಲುಗು ಹೆಚ್ಚು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಕನ್ನಡ ದಟ್ಟ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಮರುವಿಂಗಡಿಸಿದಾಗ ಸೇಲಂ ಜಿಲ್ಲೆಗೆ ಸೇರಿದ್ದ ಈ ಭಾಗ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಲಯ ಬಂದ ಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್‌ಗಳ ಜೊತೆ ಬೇರೆ ಬೇರೆ ಊರಿನ ಕುಟುಂಬಗಳೂ ಬಂದವು. ಈಗ ಬಿಹಾರ, ಒಡಿಶಾ, ಜಾರ್ಖಂಡ್‌ನ ಕೂಲಿಕಾರರ ಮಕ್ಕಳೂ ಇಲ್ಲಿನ ಒಂದನೇ ತರಗತಿಯಲ್ಲಿ ಕೂರುತ್ತಾರೆ. ಒಂದೇ ಕೋಣೆಯಲ್ಲಿ ನಾಲ್ಕೈದು ಮನೆಮಾತಿನ ಮಕ್ಕಳಿರುವುದು ಇಲ್ಲಿ ವಿಶೇಷವೇನಲ್ಲ.

ಕಾನೂನಿನಲ್ಲಿ ಈ ಮಕ್ಕಳಿಗೆ ಆಸರೆ ಇದೆ. ರಾಜ್ಯಗಳ ಮರುವಿಂಗಡಣೆಯಾದ 1956ರಲ್ಲೇ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಅನುಕೂಲ ಒದಗಿಸುವುದು ಪ್ರತಿ ರಾಜ್ಯದ ಹೊಣೆ ಎಂದು ಅದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೂಡ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಬೇಕು ಎನ್ನುತ್ತದೆ. ಹೊಸೂರು, ತಳಿ ಕಡೆ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಅವುಗಳಿಗೆ ಬೇಕಾದ ಕನ್ನಡ ಪಠ್ಯಪುಸ್ತಕಗಳನ್ನು ತಮಿಳುನಾಡು ಸರಕಾರವೇ ಅಚ್ಚು ಹಾಕಿಸುತ್ತದೆ.

2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಆರಂಭಿಸಿ ಹಂತ ಹಂತವಾಗಿ ಹತ್ತನೇ ತರಗತಿಯವರೆಗೆ ತಮಿಳನ್ನು ಕಡ್ಡಾಯ ವಿಷಯ ಮಾಡಿತು. ಆಗಿನಿಂದ ಇಲ್ಲಿನ ಭಾಷಾ ಚರ್ಚೆಯೆಲ್ಲ ಹತ್ತನೇ ತರಗತಿಯ ಪರೀಕ್ಷೆಯ ಸುತ್ತಲೇ ನಡೆದಿದೆ. ವಿನಾಯಿತಿಗಾಗಿ ಮದ್ರಾಸ್ ಹೈಕೋರ್ಟಿನಲ್ಲಿ ಮೊಕದ್ದಮೆಗಳು ನಡೆದವು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ವರ್ಷದ ಮಟ್ಟಿಗೆ ಅಲ್ಪಸಂಖ್ಯಾತ ಭಾಷೆಯ ವಿದ್ಯಾರ್ಥಿಗಳಿಗೆ ತಮಿಳು ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. ಹದಿನೈದು ವರ್ಷದ ಹುಡುಗನ ಪರೀಕ್ಷೆಗಾಗಿ ನಾವು ಕೋರ್ಟಿನ ಮೆಟ್ಟಿಲು ಹತ್ತಿದೆವು. ಅದೇ ಹುಡುಗ ಐದನೇ ವಯಸ್ಸಿನಲ್ಲಿ ತರಗತಿಯ ಬಾಗಿಲಲ್ಲಿ ನಿಂತು ಏನೊಂದೂ ತಿಳಿಯದೆ ಕಂಗಾಲಾದಾಗ ಅವನ ಪರವಾಗಿ ಒಂದು ಮನವಿಯನ್ನೂ ಬರೆಯಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ತರಗತಿಯ ಒಳಗೆ ಒಂದು ಗಂಟೆ

ಈ ಸೀಮೆಯ ಯಾವ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಾದರೂ ಕಾಣಬಹುದಾದ ಒಂದು ಬೆಳಗನ್ನು ಹತ್ತಿರದಿಂದ ನೋಡೋಣ. ಕನ್ನಡ ಮನೆಯ ಹುಡುಗಿ, ವಯಸ್ಸು ಐದು. ಅಜ್ಜಿ ಕೈಹಿಡಿದು ಕರೆತಂದು, "ಮಧ್ಯಾಹ್ನ ಬರ್ತೀನಿ ಮಗಾ" ಎಂದು ಬಿಟ್ಟು ಹೋಗಿದ್ದಾಳೆ. ಶಿಕ್ಷಕಿ ಒಳ್ಳೆಯವರು, ನಗುತ್ತಲೇ "ಉಕ್ಕಾರು" ಎನ್ನುತ್ತಾರೆ. ಉಳಿದ ಮಕ್ಕಳು ಕೂತಿದ್ದನ್ನು ನೋಡಿ ಹುಡುಗಿಯೂ ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಬಾಯಾರಿಕೆ. "ನೀರು" ಎನ್ನಲೋ ಬೇಡವೋ ಎಂದು ಅನುಮಾನ, ಸುತ್ತ ಎಲ್ಲರೂ "ತಣ್ಣಿ" ಎನ್ನುತ್ತಿದ್ದಾರೆ. ಹೊಟ್ಟೆ ನೋಯುತ್ತದೆ, ಹೇಳಲು ಮಾತಿಲ್ಲ. ಅಜ್ಜಿ ಬರುವ ಹೊತ್ತು ಯಾವುದು ಎಂದು ಕೇಳಲೂ ಆಗುವುದಿಲ್ಲ. ಶಿಕ್ಷಕಿ ಹೆಸರು ಕೇಳಿದಾಗ ತಲೆ ತಗ್ಗಿಸುತ್ತಾಳೆ. ತರಗತಿಯ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಯಾರೂ ಬರೆಯದ ಒಂದು ಷರಾ ಆಗಲೇ ಬಿದ್ದಿರುತ್ತದೆ: ಮಂಕು ಹುಡುಗಿ. ಮನೆಯಲ್ಲಿ ಅದೇ ಹುಡುಗಿ ಹಸುವಿನ ಹೆಸರು, ಅಪ್ಪನ ಪಾಳಿ, ರಾಗಿ ಹೊಲದ ಬದು, ಅತ್ತೆಯ ಮದುವೆ ಎಲ್ಲವನ್ನೂ ಎಡೆಬಿಡದೆ ಹೇಳುವವಳು.

ಹೊಸ ಭಾಷೆಯ ನಡುವೆ ಬಿದ್ದ ಪುಟ್ಟ ಮಕ್ಕಳು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮಾತಾಡದೆ ಬರೀ ಕೇಳಿಸಿಕೊಳ್ಳುತ್ತಾರೆ. ಭಾಷಾ ಕಲಿಕೆಯ ಅಧ್ಯಯನಕಾರರು ಇದನ್ನು ಮೌನದ ಅವಧಿ ಎಂದು ಗುರುತಿಸಿದ್ದಾರೆ. ಆ ಹೊತ್ತಿನಲ್ಲಿ ಮಗು ಕಲಿಯುತ್ತಲೇ ಇರುತ್ತದೆ. ಬೈದು, ಗದರಿಸಿ, ಎಲ್ಲರ ಮುಂದೆ ನಿಲ್ಲಿಸಿ ಮಾತಾಡಿಸಲು ಹೋದರೆ ಮೌನ ಇನ್ನಷ್ಟು ಉದ್ದವಾಗುತ್ತದೆ. ಮಾತೃಭಾಷೆಯಲ್ಲಿ ಶಾಲೆ ಆರಂಭಿಸುವುದೇ ಮಗುವಿಗೆ ಒಳಿತು ಎಂದು ಯುನೆಸ್ಕೋ 1953ರಲ್ಲೇ ವರದಿ ಹೊರಡಿಸಿತ್ತು. ಒಡಿಶಾ ಸರಕಾರ 2006ರ ಸುಮಾರಿಗೆ ಸಂತಾಲಿ, ಸವರ, ಕುವಿ, ಜುವಾಂಗ್ ಮೊದಲಾದ ಹತ್ತು ಆದಿವಾಸಿ ಭಾಷೆಗಳಲ್ಲಿ ಮೊದಲ ತರಗತಿಗಳನ್ನು ನಡೆಸಿ, ಅಲ್ಲಿಂದ ಮೆಲ್ಲಗೆ ಒಡಿಯಾಕ್ಕೆ ಮಕ್ಕಳನ್ನು ಕರೆದೊಯ್ಯುವ ಕ್ರಮವನ್ನು ಜಾರಿಗೆ ತಂದಿತು.

ತಮಿಳು ಕಲಿಯಬಾರದು ಎಂಬುದು ನನ್ನ ವಾದವಲ್ಲ. ತಮಿಳುನಾಡಿನಲ್ಲಿ ಬದುಕುವ ಮಗುವಿಗೆ ತಮಿಳು ಅನ್ನದ ಭಾಷೆ, ನೆರೆಯವರ ಭಾಷೆ. ಅದನ್ನು ಚೆನ್ನಾಗಿಯೇ ಕಲಿಯಬೇಕು. ಈ ಸೀಮೆಯ ಮಕ್ಕಳು ಹತ್ತು ವರ್ಷಕ್ಕೆ ಮೂರು ಭಾಷೆ ಮಾತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಆ ಶಕ್ತಿ ಅವರಲ್ಲಿದೆ. ಭಯವಿಲ್ಲದ ಮೊದಲ ತಿಂಗಳು ಸಿಕ್ಕರೆ ಅದು ಬೇಗ ಅರಳುತ್ತದೆ.

ಬಾಲವಾಡಿಯ ಮೆಟ್ಟಿಲು, ವಯಸ್ಸಿನ ಗೊಂದಲ

ಶಾಲೆಗೆ ಮುಂಚಿನ ಮೆಟ್ಟಿಲು ಬಾಲವಾಡಿ, ಅಂದರೆ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಊರೊಳಗೇ ಇರುವ ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಊಟದ ಜೊತೆ ಆಟಪಾಠ ಸಿಗುತ್ತದೆ. ಕಾರ್ಯಕರ್ತೆಯೂ ಆಯಾ ಕೂಡ ಅದೇ ಊರಿನವರೋ ಪಕ್ಕದ ಊರಿನವರೋ ಆಗಿದ್ದರೆ ಮಗುವಿನ ಮಾತು ಅವರಿಗೆ ಗೊತ್ತಿರುತ್ತದೆ. ಶಾಲೆಗೆ ಹೊಂದಿಕೊಳ್ಳುವ ದೃಷ್ಟಿಯಿಂದ ಬಾಲವಾಡಿಯ ದೊಡ್ಡ ಬಲ ಇದು. ಮನೆಗೂ ಶಾಲೆಗೂ ನಡುವೆ ಇರುವ ಈ ಜಾಗದಲ್ಲಿ ಮಗು ಅಮ್ಮನನ್ನು ಬಿಟ್ಟಿರುವುದನ್ನು ಕಲಿಯುತ್ತದೆ, ಪರಿಚಿತ ಮಾತಿನಲ್ಲೇ ಕಲಿಯುತ್ತದೆ. ಆದರೂ ಇಂಗ್ಲಿಷಿನ ಆಸೆಗೆ ಅನೇಕರು ಮೂರು ವರ್ಷದ ಮಗುವನ್ನು ಬಾಲವಾಡಿ ಬಿಡಿಸಿ ವ್ಯಾನ್ ಹತ್ತಿಸುತ್ತಾರೆ. ಈ ಆಸೆಯನ್ನು ಅರಿತೇ ತಮಿಳುನಾಡು ಸರಕಾರ 2019ರ ಜನವರಿಯಲ್ಲಿ 2,381 ಅಂಗನವಾಡಿ ಕೇಂದ್ರಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಿತು.

ಗಡಿಯ ಕುಟುಂಬಗಳಿಗೆ ವಯಸ್ಸಿನದು ಇನ್ನೊಂದು ತೊಡಕು. ತಮಿಳುನಾಡಿನಲ್ಲಿ ಐದು ತುಂಬಿದ ಮಗು ಒಂದನೇ ತರಗತಿಗೆ ಸೇರಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರು ಎನ್ನುತ್ತದೆ. ಕೇಂದ್ರೀಯ ವಿದ್ಯಾಲಯಗಳು 2022–23ರಿಂದ ಆರು ವರ್ಷದ ನಿಯಮವನ್ನೇ ಪಾಲಿಸುತ್ತಿವೆ. ಕರ್ನಾಟಕ ಆರು ವರ್ಷ ಎಂದು ಆದೇಶ ಹೊರಡಿಸಿ, 2025–26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಗಡಿಯ ಜೂಜುವಾಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆ. ಕೆಲಸ ಬದಲಾದಾಗ ಹೊಸೂರಿನ ಕುಟುಂಬ ಆನೇಕಲ್ ಕಡೆಗೋ ಚಂದಾಪುರದ ಕಡೆಗೋ ಹೋಗುವುದು ಸಾಮಾನ್ಯ. ಈ ಕಡೆ ಒಂದನೇ ತರಗತಿಯಲ್ಲಿದ್ದ ಮಗುವಿಗೆ ಆ ಕಡೆ ವಯಸ್ಸು ಸಾಲದೆ ಹೋಗಬಹುದು.

ಎಷ್ಟನೇ ವಯಸ್ಸು ಸರಿ ಎಂಬುದಕ್ಕೆ ಜಗತ್ತಿನಲ್ಲಿ ಒಂದೇ ಉತ್ತರವಿಲ್ಲ. ಫಿನ್‌ಲೆಂಡಿನಲ್ಲಿ ಮಗುವಿಗೆ ಏಳು ತುಂಬುವ ವರ್ಷ ಶಾಲೆ ಶುರು. ನ್ಯೂಜಿಲೆಂಡಿನಲ್ಲಿ ಬಹಳಷ್ಟು ಮಕ್ಕಳು ಐದನೇ ಹುಟ್ಟುಹಬ್ಬದ ಸುಮಾರಿಗೆ, ವರ್ಷದ ಯಾವ ತಿಂಗಳಾದರೂ ಸರಿ, ಒಬ್ಬೊಬ್ಬರಾಗಿ ಸೇರುತ್ತಾರೆ. ವಯಸ್ಸು ಯಾವುದೇ ಇರಲಿ, ಐದು ವರ್ಷದ ಮಗುವಿಗೆ ಐದು ವರ್ಷಕ್ಕೆ ತಕ್ಕ ಶಾಲೆ ಬೇಕು. ಅಕ್ಷರ ತಿದ್ದಿಸುವ ಅವಸರ ಅಲ್ಲಿ ಇರಕೂಡದು.

ಎರಡೂ ರಾಜ್ಯಗಳು ಮಾಡಿ ನೋಡಿದ್ದು

ಕಾದಂಬರಿಕಾರ ಆರ್. ಕೆ. ನಾರಾಯಣ್ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗ 1989ರಲ್ಲಿ ತಮ್ಮ ಮೊದಲ ಭಾಷಣದಲ್ಲಿ ಮಾತಾಡಿದ್ದು ಮಕ್ಕಳ ಶಾಲಾ ಚೀಲದ ಭಾರದ ಬಗ್ಗೆ. ಆ ಮಾತಿನ ಬೆನ್ನಿಗೆ ನಡೆದ ಚರ್ಚೆಯಿಂದ ವಿಜ್ಞಾನಿ ಯಶಪಾಲ್ ಅವರ ಸಮಿತಿ ರಚನೆಯಾಗಿ 1993ರಲ್ಲಿ ವರದಿ ಕೊಟ್ಟಿತು. ನರ್ಸರಿಗೆ ಸೇರಿಸಿಕೊಳ್ಳಲು ಮಕ್ಕಳಿಗೆ ಪರೀಕ್ಷೆ, ಸಂದರ್ಶನ ಮಾಡುವುದನ್ನು ನಿಲ್ಲಿಸಬೇಕು ಎಂದು ಅದು ಹೇಳಿತು. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶದ ವೇಳೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಸೋಸಿ ಆರಿಸುವುದನ್ನು ನಿಷೇಧಿಸಿದೆ. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ತಡೆಯುತ್ತದೆ. ಅಳುವ ಮಗುವಿಗೆ ಬೆತ್ತ ತೋರಿಸುವುದು, ಕತ್ತಲೆ ಕೋಣೆಯ ಹೆಸರು ಹೇಳುವುದು ಈ ಕಾನೂನಿಗೇ ವಿರುದ್ಧ ಎಂಬುದನ್ನು ಪ್ರತಿ ತಂದೆತಾಯಿ ತಿಳಿದಿರಬೇಕು.

ತರಗತಿಯೊಳಗಿನ ಬದಲಾವಣೆಗೆ ಎರಡೂ ರಾಜ್ಯಗಳಿಗೆ ಒಂದೇ ಮೂಲದಿಂದ ಪ್ರೇರಣೆ ಸಿಕ್ಕಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ ಪುಸ್ತಕದ ಬದಲು ಕಲಿಕಾ ಕಾರ್ಡುಗಳನ್ನು ಇಟ್ಟು, ಪ್ರತಿ ಮಗು ತನ್ನದೇ ವೇಗದಲ್ಲಿ ಮುಂದೆ ಹೋಗುವ ಪದ್ಧತಿಯನ್ನು ರೂಪಿಸಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಇದರಿಂದ ಹುಟ್ಟಿದ್ದು. 2009–10ರಲ್ಲಿ ಅದು ಕರ್ನಾಟಕದ ಎಲ್ಲ ಸರಕಾರಿ ಶಾಲೆಗಳಿಗೆ ಹಬ್ಬಿತು. ಚೆನ್ನೈ ಪಾಲಿಕೆ ಶಾಲೆಗಳಲ್ಲಿ ಮೊದಲಾಗಿ ಮುಂದೆ ತಮಿಳುನಾಡಿನಾದ್ಯಂತ ಬಂದ ಚಟುವಟಿಕೆ ಆಧಾರಿತ ಕಲಿಕೆಯ ಮೂಲವೂ ಅದೇ. ಬೆಂಚು ಸಾಲುಗಳನ್ನು ತೆಗೆದು ಮಕ್ಕಳೂ ಶಿಕ್ಷಕರೂ ಚಾಪೆಯ ಮೇಲೆ ಗುಂಪಾಗಿ ಕೂತರು. ಮೊದಲ ದಿನದ ಮಗುವಿಗೆ ಇದು ಸಣ್ಣ ಬದಲಾವಣೆಯಲ್ಲ. ಶಿಕ್ಷಕಿ ನೆಲದ ಮೇಲೆ ಪಕ್ಕದಲ್ಲಿ ಕೂತಾಗ ಅರ್ಧ ಭಯ ಹೋಗುತ್ತದೆ.

ಕೋವಿಡ್ ಕಾಲದಲ್ಲಿ ಶಾಲೆಯ ಮುಖವನ್ನೇ ನೋಡದ ಮಕ್ಕಳು ತರಗತಿಗೆ ಬಂದರು. 2021ರಲ್ಲಿ ಕೇಂದ್ರವು ಒಂದನೇ ತರಗತಿಯ ಮೊದಲ ಮೂರು ತಿಂಗಳನ್ನು ಆಟದ ಮೂಲಕ ಶಾಲೆಗೆ ಒಗ್ಗಿಸುವುದಕ್ಕೇ ಮೀಸಲಿಡುವ 'ವಿದ್ಯಾ ಪ್ರವೇಶ'ವನ್ನು ರೂಪಿಸಿತು. ಕರ್ನಾಟಕ ಅದನ್ನು ನಲಿ-ಕಲಿಯೊಳಗೆ ತಂದಿತು. ತಮಿಳುನಾಡು 2021ರ ಅಕ್ಟೋಬರಿನಲ್ಲಿ 'ಇಲ್ಲಂ ತೇಡಿ ಕಲ್ವಿ' ಹೆಸರಿನಲ್ಲಿ ಸ್ಥಳೀಯ ಸ್ವಯಂಸೇವಕರನ್ನು ಮಕ್ಕಳ ಮನೆಬಾಗಿಲಿಗೆ ಕಳಿಸಿತು. 2022ರ ಜೂನ್‌ನಲ್ಲಿ ಒಂದರಿಂದ ಮೂರನೇ ತರಗತಿಗೆ 'ಎಣ್ಣುಂ ಎಳುತ್ತುಂ' ಆರಂಭಿಸಿ ಮಕ್ಕಳನ್ನು ಕಲಿಕೆಯ ಮಟ್ಟದ ಮೇಲೆ ಅರುಂಬು, ಮೊಟ್ಟು, ಮಲರ್ ಎಂದು ಗುಂಪು ಮಾಡಿ ಕಲಿಸತೊಡಗಿತು. ಗುಂಪು ಮಾಡುವಾಗ ಕಲಿಕೆಯ ಮಟ್ಟದ ಜೊತೆ ಮಗುವಿನ ಮನೆಮಾತು ಯಾವುದು ಎಂಬುದನ್ನೂ ಗಮನಕ್ಕೆ ತಂದುಕೊಂಡರೆ ಹೊಸೂರು ಸೀಮೆಗೆ ಈ ಯೋಜನೆ ಇನ್ನಷ್ಟು ಒಗ್ಗುತ್ತದೆ. ತಮಿಳು ಬಾರದ್ದಕ್ಕೂ ಕಲಿಕೆಯಲ್ಲಿ ಹಿಂದುಳಿದದ್ದಕ್ಕೂ ಇರುವ ಅಂತರ ಶಿಕ್ಷಕರ ಕಣ್ಣಿಗೆ ಕಾಣಬೇಕು.

ಈ ಎಲ್ಲದರ ನಡುವೆ ಪುಟ್ಟ ಮಕ್ಕಳಿಗೆ ಹೆಚ್ಚು ನೆರವಾದದ್ದು ಬೆಳಗಿನ ತಿಂಡಿ ಎಂದೇ ನನ್ನ ಅಭಿಪ್ರಾಯ. ತಮಿಳುನಾಡಿನ ಮುಖ್ಯಮಂತ್ರಿಗಳ ಉಪಾಹಾರ ಯೋಜನೆ 2022ರ ಸೆಪ್ಟೆಂಬರ್ 15ರಂದು ಮದುರೈಯಲ್ಲಿ ಶುರುವಾಗಿ, 2023ರ ಆಗಸ್ಟ್ 25ರಿಂದ ರಾಜ್ಯದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೂ ಬಂತು. ಗುಲಾಬಿ ತೋಟಗಳಿಗೆ, ಹೂವಿನ ಪಾಲಿಹೌಸುಗಳಿಗೆ, ಕಂಪನಿಯ ಮೊದಲ ಪಾಳಿಗೆ ನಸುಕಿನಲ್ಲೇ ಹೊರಡುವ ತಾಯಂದಿರ ಮಕ್ಕಳಿಗೆ ಬಿಸಿ ಉಪ್ಪಿಟ್ಟೋ ಪೊಂಗಲ್ಲೋ ಶಾಲೆಯಲ್ಲೇ ಸಿಗುತ್ತದೆ. ಹಸಿದ ಮಗು ಅಳುವುದು ಬೇಗ, ಸಮಾಧಾನವಾಗುವುದು ತಡ. ಹೊಟ್ಟೆ ತುಂಬಿ, ನಾಲ್ಕು ಮಕ್ಕಳ ಜೊತೆ ಸಾಲಾಗಿ ಕೂತು ತಿಂದ ಮಗುವಿಗೆ ಶಾಲೆ ಆಗಲೇ ಪರಿಚಯದ ಜಾಗವಾಗಿರುತ್ತದೆ.

ಹೊರಗಿನಿಂದ ಕಲಿಯಬಹುದಾದ್ದು

ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಬರ್ಲಿನ್ ಕ್ರಮ' ಶಿಶುವಿಹಾರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆಯಲ್ಲೇ ಸುಮಾರು ಒಂದು ಗಂಟೆ ಕೂತಿದ್ದು ಮಗುವನ್ನು ಮನೆಗೆ ಕರೆದೊಯ್ಯುತ್ತಾರೆ. ಮಗುವನ್ನು ಬಿಟ್ಟು ಹೊರಗೆ ಹೋಗುವುದು ನಾಲ್ಕನೇ ದಿನ, ಅದೂ ಹೆಚ್ಚೆಂದರೆ ಅರ್ಧ ಗಂಟೆ. ಮಗು ಶಿಕ್ಷಕಿಯ ಸಮಾಧಾನಕ್ಕೆ ಒಲಿದರೆ ಹೊತ್ತನ್ನು ಹಿಗ್ಗಿಸುತ್ತಾರೆ, ಒಲಿಯದಿದ್ದರೆ ಇನ್ನಷ್ಟು ದಿನ ಕಾಯುತ್ತಾರೆ. ಹೆತ್ತವರು ಗೇಟಿನ ಹೊರಗೇ ನಿಲ್ಲಬೇಕು ಎಂಬ ನಮ್ಮ ಅನೇಕ ಶಾಲೆಗಳ ನಿಯಮಕ್ಕೆ ಇದು ನೇರ ವಿರುದ್ಧ.

ಕೇರಳದಲ್ಲಿ ಶಾಲೆ ತೆರೆಯುವ ದಿನ ಊರಹಬ್ಬದಂತೆ ಪ್ರವೇಶೋತ್ಸವ ನಡೆಯುತ್ತದೆ. ಬಲೂನು, ತೋರಣ, ಸಿಹಿ ಹಂಚಿ ಹೊಸ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಈ ಹಬ್ಬವಿದೆ. ಅದೇ ಕಾಸರಗೋಡಿನಲ್ಲಿ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದರ ವಿರುದ್ಧ ಮಕ್ಕಳೂ ಪೋಷಕರೂ ಬೀದಿಗಿಳಿಯಬೇಕಾಯಿತು. ಹಬ್ಬ ಮಾಡಿ ಒಳಗೆ ಕರೆದುಕೊಂಡ ಮೇಲೆ ಮಗುವಿನ ಮಾತು ತಿಳಿದವರು ಒಳಗೆ ಇರಬೇಕಲ್ಲವೇ?

ನಮ್ಮಲ್ಲೂ ಒಂದು ಒಳ್ಳೆಯ ವಾಡಿಕೆ ಇದೆ. ವಿಜಯದಶಮಿಯ ದಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಕೈಹಿಡಿದು, ತಟ್ಟೆಯ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸುತ್ತೇವೆ. ತಮಿಳುನಾಡಿನ ಶಾಲೆಗಳಲ್ಲಿ ಅಂದು ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ರೂಢಿಯೂ ಇದೆ. ಆ ಕಲಿಕೆಯ ಮೊದಲ ಕ್ಷಣ ಹೆತ್ತವರ ಮಡಿಲಲ್ಲಿ ನಡೆಯುತ್ತದೆ ಎಂಬುದನ್ನು ಜೂನ್ ತಿಂಗಳಲ್ಲಿ ನಾವು ಮರೆಯಬಾರದು.

ಹೆತ್ತವರ ಪಾಡು

ಮಗುವಿನಷ್ಟೇ ಹೆತ್ತವರಿಗೂ ಇದು ಹೊಸದು. ಅಪ್ಪ ಎರಡನೇ ಪಾಳಿ ಮುಗಿಸಿ ನಡುರಾತ್ರಿ ಬರುತ್ತಾನೆ. ಆ ಹೊತ್ತಿಗೆ ಎದ್ದ ಮಗು ಮತ್ತೆ ಮಲಗುವುದು ತಡವಾಗುತ್ತದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, ಆರು ದಾಟಿದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಅಮ್ಮನಿಗೆ ರಜೆ ಕೇಳಿದರೆ ಆ ದಿನದ ಕೂಲಿ ಹೋಗುತ್ತದೆ. ಶಾಲೆಯ ಡೈರಿಯಲ್ಲೂ ವಾಟ್ಸಾಪಿನಲ್ಲೂ ತಮಿಳಿನಲ್ಲಿ ಬಂದ ಸೂಚನೆಯನ್ನು ಓದಲಾಗದೆ ಪಕ್ಕದ ಮನೆಯವರನ್ನು ಕೇಳುವ ತಾಯಂದಿರು ಎಷ್ಟೋ ಮಂದಿ. ತಾನೇ ಶಾಲೆಯ ಮೆಟ್ಟಿಲು ಹತ್ತದ ತಾಯಿಗೆ ಶಿಕ್ಷಕಿಯ ಎದುರು ನಿಲ್ಲುವುದೇ ಅಳುಕು. ಜವಳಗಿರಿ, ಅಂಚೆಟ್ಟಿಯ ಕಾಡಂಚಿನ ಹಳ್ಳಿಗಳಲ್ಲಿ ದಾರಿಯಲ್ಲಿ ಆನೆ ಬಂದೀತೆಂಬ ಭಯ ಬೇರೆ.

ಇಷ್ಟರ ನಡುವೆಯೂ ಮನೆಯವರು ಮಾಡಬಹುದಾದ್ದು ಇದೆ. ಶಾಲೆ ಶುರುವಾಗುವ ಮುಂಚೆ ಎರಡು ಮೂರು ಸಲ ಮಗುವನ್ನು ಶಾಲೆಯ ಅಂಗಳಕ್ಕೆ ಕರೆದೊಯ್ದು ಬಾಗಿಲು, ನಲ್ಲಿ, ಶೌಚಾಲಯ ತೋರಿಸಿ. ತನ್ನ ಕೈಯಿಂದ ಉಣ್ಣುವುದು, ಚಡ್ಡಿ ಬಿಚ್ಚಿ ಹಾಕಿಕೊಳ್ಳುವುದು, ತನ್ನ ಹೆಸರೂ ಊರೂ ಹೇಳುವುದು ಬಂದರೆ ಅಕ್ಷರ ಬರದಿದ್ದರೂ ಚಿಂತೆಯಿಲ್ಲ. ಮಗು ಅತ್ತಿತ್ತ ನೋಡುತ್ತಿರುವಾಗ ಕಣ್ಣುತಪ್ಪಿಸಿ ಓಡಬೇಡಿ. ಹಾಗೆ ಮಾಯವಾದರೆ ಮರುದಿನ ಸೆರಗಿನ ಹಿಡಿತ ಇನ್ನೂ ಬಿಗಿ. ಹೇಳಿಯೇ ಹೊರಡಿ, ಚುಟುಕಾಗಿ ಹೇಳಿ, ಗಡಿಯಾರ ತಿಳಿಯದ ಮಗುವಿಗೆ ತಿಳಿಯುವ ಹಾಗೆ ಹೇಳಿ: "ಊಟ ಆಗಿ ಆಟ ಆದ ಮೇಲೆ ಬರ್ತೀನಿ." ಹೇಳಿದ ಹೊತ್ತಿಗೆ ಬನ್ನಿ. "ಮಿಸ್ಸಿಗೆ ಹೇಳ್ತೀನಿ, ಹೊಡೀತಾರೆ" ಎಂಬ ಬೆದರಿಕೆಯನ್ನು ಮನೆಯಿಂದಲೇ ತೆಗೆದುಹಾಕಿ. ಸಂಜೆ "ಏನು ಬರೆದೆ?" ಎಂದು ಕೇಳುವ ಮುಂಚೆ "ಯಾರ ಜೊತೆ ಆಡಿದೆ?" ಎಂದು ಕೇಳಿ. ಮನೆಯಲ್ಲಿ ಕನ್ನಡವನ್ನು ಬಿಟ್ಟು ಹರಕುಮುರುಕು ಇಂಗ್ಲಿಷ್ ಆಡುವ ಅಗತ್ಯವೇನೂ ಇಲ್ಲ. ಮನೆಮಾತು ಗಟ್ಟಿಯಾಗಿದ್ದಷ್ಟೂ ಎರಡನೇ ಮಾತು ಬೇಗ ಹತ್ತುತ್ತದೆ.

ಯಾವಾಗ ನೆರವು ಕೇಳಬೇಕು?

ಮೊದಲ ಎರಡು ಮೂರು ವಾರದ ಅಳು, ರಾತ್ರಿಯ ಚಡಪಡಿಕೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ತಿಂಗಳು ದಾಟಿದರೂ ಪ್ರತಿ ಬೆಳಗ್ಗೆ ವಾಂತಿ, ಹೊಟ್ಟೆನೋವು ಬಂದು ರಜಾದಿನ ಮಾತ್ರ ಮಾಯವಾದರೆ, ಊಟ ನಿದ್ದೆ ಕೆಟ್ಟರೆ, ಯಾರೋ ಒಬ್ಬರ ಹೆಸರು ಹೇಳಿದರೆ ಬೆಚ್ಚಿಬಿದ್ದರೆ ಕಾಯಬಾರದು. ಮನೆಯಲ್ಲಿ ಧಾರಾಳವಾಗಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಮೂಕವಾಗಿದ್ದರೆ ಅದಕ್ಕೂ ವೈದ್ಯಕೀಯದಲ್ಲಿ ಹೆಸರಿದೆ, ಚಿಕಿತ್ಸೆಯಿದೆ. ಆದರೆ ವೈದ್ಯರು ಶಾಲೆಯ ಮೊದಲ ತಿಂಗಳನ್ನು ಆ ಲೆಕ್ಕದಿಂದ ಬಿಡುತ್ತಾರೆ. ಭಾಷೆ ಬಾರದ್ದರಿಂದ ಬಂದ ಮೌನವನ್ನೂ ಬೇರೆಯಾಗಿ ನೋಡುತ್ತಾರೆ. ಹೊಸೂರಿನವರಿಗೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ದೂರವಲ್ಲ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098, ಎರಡೂ ಉಚಿತ.

ಮುಂದಿನ ಜೂನ್‌ಗೆ

ಇಷ್ಟು ನೋಡಿದ ಮೇಲೆ ನನಗೆ ಕಾಣುವುದು ಇದು. ಕಾನೂನಿಗೂ ಯೋಜನೆಗೂ ಇಲ್ಲಿ ಕೊರತೆಯಿಲ್ಲ. ಒಂದನೇ ತರಗತಿಯ ಮೊದಲ ತಿಂಗಳನ್ನು ಕೆಲಸವೆಂದು ಪರಿಗಣಿಸಿ ಅದಕ್ಕೆ ಯಾರನ್ನೂ ಹೊಣೆ ಮಾಡಿಲ್ಲ. ಹೊಣೆ ಹೊರಲು ಶಾಲಾ ನಿರ್ವಹಣಾ ಸಮಿತಿಯೇ ತಕ್ಕದ್ದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಹೆತ್ತವರು, ಅರ್ಧ ಪಾಲು ಮಹಿಳೆಯರು. ಕನ್ನಡ, ತೆಲುಗು, ಉರ್ದು ಮನೆಗಳ ತಾಯಂದಿರು ಆ ಸಮಿತಿಯಲ್ಲಿ ಕೂತು ನಾಲ್ಕು ಮಾತು ಕೇಳಬೇಕು.

ಮೊದಲ ವಾರ ಹೆತ್ತವರನ್ನೋ ಅಜ್ಜಿಯನ್ನೋ ತರಗತಿಯೊಳಗೆ ಕೂರಲು ಬಿಡಿ, ಹೊತ್ತನ್ನು ದಿನದಿನಕ್ಕೆ ಹೆಚ್ಚಿಸಿ. ಮೊದಲ ತಿಂಗಳು ಮಾಧ್ಯಮ ಯಾವುದೇ ಇರಲಿ, ಮಗುವಿನ ಮಾತು ಬಲ್ಲ ಒಬ್ಬರು, ಬಾಲವಾಡಿಯ ಆಯಾ ಆಗಲಿ, ಸ್ವಯಂಸೇವಕಿಯಾಗಲಿ, ಮೂರನೇ ತರಗತಿಯ ಅಕ್ಕನಾಗಲಿ, ಕೈಗೆ ಸಿಗುವಂತಿರಲಿ. ನೀರು, ಹಸಿವು, ಹೊಟ್ಟೆನೋವು, ಶೌಚ, ಭಯ, ಅಮ್ಮ ಬರುವ ಹೊತ್ತು ಇಂಥ ಹದಿನೈದು ಇಪ್ಪತ್ತು ಮಾತುಗಳನ್ನು ಕನ್ನಡ, ತೆಲುಗು, ಉರ್ದು, ಹಿಂದಿಯಲ್ಲಿ ಹೇಗೆ ಹೇಳುತ್ತಾರೆಂದು ತಮಿಳು ಲಿಪಿಯಲ್ಲಿ ಬರೆದು ಶಿಕ್ಷಕರ ಮೇಜಿನ ಬಳಿ ಅಂಟಿಸಿ. ಹೆತ್ತವರಿಗೆ ಕಳಿಸುವ ಸೂಚನೆ ಅವರ ಭಾಷೆಯಲ್ಲೂ ಹೋಗಲಿ, ಓದಲು ಬಾರದವರಿಗೆ ಧ್ವನಿಯಲ್ಲಿ ಹೋಗಲಿ. ಮಗುವಿನ ಮೊದಲ ವಾರಕ್ಕೆ ಹೆತ್ತವರು ಒಂದೆರಡು ಗಂಟೆ ತಡವಾಗಿ ಬಂದರೆ ಕೂಲಿ ಮುರಿಯದಿರುವಷ್ಟು ಔದಾರ್ಯವನ್ನು ಹೊಸೂರಿನ ಕಂಪನಿಗಳೂ ತೋಟದ ಮಾಲೀಕರೂ ತೋರಬಹುದು. 50 ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದೆಂದೂ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಒಪ್ಪಿತು. ಅದೇ ನ್ಯಾಯವನ್ನು ಶಾಲೆಯ ಮೊದಲ ವಾರಕ್ಕೆ ಹಿಗ್ಗಿಸುವುದು ದೊಡ್ಡ ಮಾತಲ್ಲ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣವೂ ಬೇಡ, ಹೊಸ ಆದೇಶವೂ ಬೇಡ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದು ಗಾದೆ ಹೇಳುವ ನಾವು, ಐದನೇ ವರ್ಷದ ಭಯವೂ ಬಹಳ ಕಾಲ ಉಳಿಯುತ್ತದೆ ಎಂದು ತಿಳಿಯಬೇಕು. ಹೊಸೂರು ಸೀಮೆಯ ಕನ್ನಡ ಸಂಘಗಳಲ್ಲಿ ನನ್ನದೊಂದು ಕೋರಿಕೆ: ರಾಜ್ಯೋತ್ಸವಕ್ಕೆ ಕೊಡುವ ಶ್ರಮದ ಒಂದು ಪಾಲನ್ನು ಮುಂದಿನ ಜೂನ್ ತಿಂಗಳ ಮೊದಲ ವಾರಕ್ಕೆ ಎತ್ತಿಡಿ. ನಿಮ್ಮೂರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಏಪ್ರಿಲ್‌ನಲ್ಲೇ ಕಂಡು, ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಯಾರ ಮನೆಮಾತು ಯಾವುದು ಎಂಬ ಪಟ್ಟಿಯನ್ನು ಅವರ ಜೊತೆ ಕೂತು ಮಾಡಿ. ಕೆಲಸ ಅಲ್ಲಿಂದ ಶುರುವಾಗಲಿ.